ಬಾಗಿಲ ಮೇಲಿನ ಹೊಗೆ

"ಮಾಸ್ತರ ಕರಿ ಹಚ್ಚಿದ ಮನಿ ಸುಟ್ಟವು, ಬಿಳೀ ಬಿಟ್ಟ ಮನಿ ಉಳದವು."

ಈ ಮಾತನ್ನು ಕೇಳದೆ ನಮ್ಮ ಊರಿನಲ್ಲಿ ಬೆಳೆದವರಿಲ್ಲ. ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಸಂತಪುರದಲ್ಲಿ ಬಸ್ಸಿಳಿದು ಹೊಲದ ದಾರಿ ಹಿಡಿದರೆ ಸಿಗುವ ಊರು ಎಂದಷ್ಟೇ ತಿಳಿದುಕೊಳ್ಳಿ. ಸುಟ್ಟ ಮನೆಯವರ ಮೊಮ್ಮಕ್ಕಳೂ ಉಳಿದ ಮನೆಯವರ ಮೊಮ್ಮಕ್ಕಳೂ ಅಲ್ಲಿ ಇಂದಿಗೂ ಒಂದೇ ನಳದಲ್ಲಿ ನೀರು ಹಿಡಿಯುತ್ತಾರೆ. ಅವರ ನಡುವೆ ಜಗಳ ಹಚ್ಚುವುದು ನನ್ನ ಉದ್ದೇಶವಲ್ಲ.

ಮಾತಿನ ಹಿಂದಿನ ಕಥೆ ಹೀಗಿದೆ. ನಿಜಾಮರ ಆಳ್ವಿಕೆಯ ಕೊನೆಯ ಬೇಸಿಗೆಯಲ್ಲಿ ನಮ್ಮೂರ ಮಿಷನ್ ಶಾಲೆಯ ಪ್ರಭುದಾಸ ಮಾಸ್ತರರು ಒಂದು ಹಲಗೆಯ ಮೇಲೆ ಮಣ್ಣಿನಿಂದ ಇಡೀ ಊರಿನ ಮಾದರಿಯನ್ನು ಕಟ್ಟಿದರು. ಅದರಲ್ಲಿ ಕೆಲವು ಮನೆಗಳ ಬಾಗಿಲ ಮೇಲೆ ಮಾತ್ರ ಕರಿ ಬಣ್ಣ ಹಚ್ಚಿದರು. ಊರಿಗೆ ಬಂದ ನಿಜಾಮರ ಪಕ್ಷದ ರಜಾಕಾರರು ಶಾಲೆಯೊಳಗೆ ಹೋಗಿ ಅದನ್ನು ನೋಡಿದರು. ಮುಂಗಾರಿನ ಹೊತ್ತಿಗೆ ಮತ್ತೆ ಬಂದು ಕೆಲವು ಮನೆಗಳಿಗೆ ಬೆಂಕಿಯಿಟ್ಟರು. ಭಾರತದ ಸೈನ್ಯ ಬಂದು ಪೊಲೀಸ್ ಕಾರ್ಯಾಚರಣೆ ಮುಗಿದು ಜನ ಬಾಯಿ ಬಿಡುವಂತಾದಾಗ, ಕರಿ ಹಚ್ಚಿದ್ದು ಗುರುತಿಗಾಗಿ ಎಂದು ಊರು ತೀರ್ಮಾನಿಸಿತು. ಮಾಸ್ತರರು ಹೆಂಡತಿ ಮಕ್ಕಳೊಡನೆ, ಆ ಹಲಗೆಯೊಡನೆ, ಬಂಡಿ ಹತ್ತಿ ಭಾಲ್ಕಿಗೆ ಹೋದರು. ಮತ್ತೆ ಬರಲಿಲ್ಲ.

ನಮ್ಮ ಮನೆಯೂ ಆ ದಿನ ಸುಟ್ಟಿತು. ಆದರೂ ನಾನು ಈ ಕಥೆಯನ್ನು ಒಪ್ಪಿಲ್ಲ. ಒಪ್ಪದಿರುವುದು ನನಗೆ ಹಳೆಯ ಚಟ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಓದಿದ್ದೆಲ್ಲ ಔರಾದ ಬಸ್ಸಿನಲ್ಲಿ ಕಂಡಕ್ಟರನಾಗಿದ್ದಾಗ, ಟಿಕೆಟು ಹರಿದು ಮುಗಿದ ಮೇಲೆ ಕಂಬಿಗೆ ಒರಗಿ ನಿಂತು. ಆ ರಸ್ತೆಯ ಕುಣಿಗಳಲ್ಲಿ ಓದಿದವನ ತಲೆಯಲ್ಲಿ ಯಾವ ಇತಿಹಾಸವೂ ನೆಟ್ಟಗೆ ಕೂರುವುದಿಲ್ಲವೆಂದು ಹೆಂಡತಿ ಹೇಳುತ್ತಿದ್ದಳು. ಈಗಲೂ ಸೆಪ್ಟೆಂಬರ್ ಹದಿನೇಳರ ವಿಮೋಚನಾ ದಿನದ ಸಭೆಗಳಿಗೆ ನಾನು ಹೋದರೆ, ಸಂಘಟಕರು ಮೊದಲು ಮೈಕನ್ನು ನನ್ನಿಂದ ದೂರ ಸರಿಸುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ.

ಈ ಹಳೆಯ ತಕರಾರು ಮತ್ತೆ ಮೇಲೆದ್ದದ್ದು ನನ್ನ ಹಲ್ಲಿನ ದೆಸೆಯಿಂದ.

ನಾನೀಗ ಇರುವುದು ಬೀದರಿನಲ್ಲಿ. ಅಲ್ಲಿನ ಮೈಲೂರಿನಲ್ಲಿ ಸುಗುಣಾ ಎಂಬಾಕೆ ದಂತವೈದ್ಯರಿಗೆ ಕಟ್ಟು ಹಲ್ಲು ಮಾಡಿಕೊಡುತ್ತಾಳೆ. ನನ್ನ ಕಟ್ಟು ಹಲ್ಲಿನ ಕೆಳಸಾಲು ಒಸಡಿಗೆ ಕಚ್ಚುತ್ತಿತ್ತು. ವೈದ್ಯರು ನೇರ ಅವಳಲ್ಲಿಗೇ ಹೋಗೆಂದರು. ಬಾಗಿಲು ತೆರೆದಾಗ ಥಿನ್ನರಿನ ವಾಸನೆ ಮೂಗಿಗೆ ಹೊಡೆಯಿತು. ಕೆಳಗೆ ಒಂದು ಸಣ್ಣ ಕಂಪ್ರೆಸರ್ ಗುಂಯ್‌ಗುಡುತ್ತಿತ್ತು. ಮೂಗಿಗೆ ಮಾಸ್ಕ್ ಕಟ್ಟಿಕೊಂಡ ನಲವತ್ತು ದಾಟಿದ ಹೆಂಗಸು, ಎಡಗೈಯಲ್ಲಿ ಅಂಗೈಯಗಲದ ಸೈನ್ಯದ ಟ್ಯಾಂಕಿನ ಮಾದರಿಯೊಂದನ್ನು ಹಿಡಿದು, ಬಲಗೈಯಲ್ಲಿ ಪೆನ್ನಿನಂಥ ಏರ್‌ಬ್ರಷ್‌ನಿಂದ ಅದರ ಹಿಂಭಾಗಕ್ಕೆ ಕರಿ ಬಣ್ಣವನ್ನು ಮಂಜಿನ ಹಾಗೆ ಹಾಯಿಸುತ್ತಿದ್ದಳು.

"ಹೊಸಾದು ಅದ ಅಲ್ಲೇನವ್ವಾ? ಯಾಕ ಹೊಲಸ ಮಾಡ್ಲಾಕತ್ತೀ?"

"ಇದು ಹೊಗಿ ಬರೋ ಜಾಗ ಅದರಿ ಕಾಕಾ. ಇಲ್ಲಿ ಮಸಿ ಇಲ್ಲಂದ್ರ ಇದು ಟ್ಯಾಂಕ್ ಅಲ್ಲ, ಮಕ್ಕಳ ಆಟಿಕಿ."

ಹಲ್ಲು ಮಾಡುವುದು ಕಸುಬು, ಇದು ಖಯಾಲಿ ಎಂದಳು. ಎರಡಕ್ಕೂ ಬೇಕಾದದ್ದು ಒಂದೇ ಕಣ್ಣು. ಎಲ್ಲ ಹಲ್ಲೂ ಒಂದೇ ಬಿಳುಪಾದರೆ ನೋಡಿದವರು ಕಟ್ಟಿಸಿದ್ದೆಂದು ಹಿಡಿಯುತ್ತಾರೆ. ಆದ್ದರಿಂದ ಅಂಚಿನಲ್ಲಿ ಕೊಂಚ ಹಳದಿ ಇಳಿಸಬೇಕು. ಟ್ಯಾಂಕಿಗೆ ಮಣ್ಣು, ತುಕ್ಕು, ಹೊಗೆ, ಒಂದೊಂದಕ್ಕೂ ಒಂದೊಂದು ತೆಳು ಪದರ. ಹತ್ತಿರ ಹಿಡಿದರೆ ಬಣ್ಣ ಸೋರುತ್ತದೆ, ದೂರ ಹಿಡಿದರೆ ಪುಡಿಯಾಗಿ ಬೀಳುತ್ತದೆ. ಮೊದಲು ಕಾಗದದ ಮೇಲೆ ಊದಿ ನೋಡುತ್ತಾಳೆ, ಆಮೇಲೆ ಟ್ಯಾಂಕು. ನಾನು ಬಾಯಿ ತೆರೆದು ಕೂತಿದ್ದೆ. ಹಲ್ಲಿನ ಸಲುವಾಗಿ ತೆರೆದದ್ದು ಹಾಗೆಯೇ ಉಳಿಯಿತು.

ನನ್ನ ಊರು ಯಾವುದೆಂದು ಕೇಳಿದಳು. ಹೇಳಿದೆ. ಹಲ್ಲನ್ನು ಉಜ್ಜುತ್ತಿದ್ದ ಅವಳ ಕೈ ನಿಂತಿತು.

"ಯಾರ ಪೈಕಿರಿ?"

ಹೇಳಿದೆ. ಅವಳು ಮಾಸ್ಕ್ ಕೆಳಗಿಳಿಸಿದಳು. "ಹಾಂಗಾದರ ನೀವು ಸುಟ್ಟ ಮನಿಯವರು. ನಾ ಪ್ರಭುದಾಸ ಮಾಸ್ತರ ಮೊಮ್ಮಗಳ್ರಿ, ಕಾಕಾ."

ಅವಳ ಮುಖದ ಮೇಲೆ ಆಗ ಬಂದದ್ದು ನಾಚಿಕೆಯೋ ಭಯವೋ ನನಗೆ ತಿಳಿಯಲಿಲ್ಲ. ನಾನು ಮಾತಾಡುವ ಮೊದಲೇ ಅವಳು ಒಳಗೆ ಹೋಗಿ, ಚಾದರದಲ್ಲಿ ಸುತ್ತಿದ ಒಂದು ಹಲಗೆಯನ್ನು ತಂದು ಮೇಜಿನ ಮೇಲೆ ಬಿಚ್ಚಿದಳು. ಆ ಹಲಗೆ ಎಂದೋ ಒಲೆ ಸೇರಿರಬೇಕೆಂದು ನಾನು ಭಾವಿಸಿದ್ದೆ. ನನ್ನ ಊರು ಅಲ್ಲಿ ಮೈಚೆಲ್ಲಿ ಮಲಗಿತ್ತು: ಅಂಗೈಯಲ್ಲಿ ಹಿಡಿಯಬಹುದಾದ ಮಾಳಿಗೆ ಮನೆಗಳು, ಬಟ್ಟಲಿನಂಥ ಬಾವಿ, ಎಲೆ ಉದುರಿ ತಂತಿಯಷ್ಟೇ ಉಳಿದ ಹುಣಸೆ ಮರ. ಕೆಲವು ಬಾಗಿಲುಗಳ ಮೇಲೆ ಕರಿ ಕಲೆ.

ಊರಿನ ಈಗಿನ ಶಾಲೆಯ ಮುಖ್ಯೋಪಾಧ್ಯಾಯಿನಿ ಹೆಡ್‌ಬಾಯಿಯವರು ಹೇಗೋ ಸುದ್ದಿ ತಿಳಿದು, ಮಕ್ಕಳಿಗೆ ತೋರಿಸಲು ಮಾದರಿಯನ್ನು ಕೇಳಿದ್ದರು. ಸುಗುಣಾ ಕೊಡಲು ಒಪ್ಪಿದ್ದಳು. ಅದಕ್ಕೆ ಮುನ್ನ ಒಡೆದ ಗೋಡೆ ಮೆತ್ತಿ, ಎಲ್ಲ ಮನೆಗಳಿಗೂ ಏರ್‌ಬ್ರಷ್‌ನಿಂದ ಸುಣ್ಣದ ಬಿಳಿ ಹೊಡೆಯುವವಳಿದ್ದಳು. ಬಣ್ಣವನ್ನು ಆಗಲೇ ಕಲಸಿ ಸೀಸೆಯಲ್ಲಿ ತುಂಬಿಟ್ಟಿದ್ದಳು.

"ನಾಳಿ ಹೊಡಿತೇನಿ. ಈ ಕರಿ ಒಂದು ಹೋದರ ಸಾಕ್ರಿ ನನಗ. ನಮ್ಮಪ್ಪ ಸಾಯೋತನಾ ಆ ಊರ ಹಾದಿ ತುಳೀಲಿಲ್ಲ."

"ಹೊಡೀಬ್ಯಾಡವ್ವಾ," ಎಂದೆ.

"ಯಾಕ್ರಿ?"

ಯಾಕೆಂದು ಹೇಳುವುದಕ್ಕೆ ನನ್ನ ಬಳಿ ಇದ್ದದ್ದು ನನ್ನ ಅವ್ವನ ಬಾಯಿಮಾತು ಒಂದೇ. ಅವ್ವ ಸತ್ತು ಎಷ್ಟೋ ವರ್ಷವಾಗಿದೆ. ನಾಳೆ ಬರುತ್ತೇನೆ, ಅಲ್ಲಿಯವರೆಗೆ ಕಂಪ್ರೆಸರ್ ಹಚ್ಚಬೇಡವೆಂದು ಕೇಳಿಕೊಂಡು ಎದ್ದೆ. ಅವಳು ಹೂಂ ಎನ್ನಲಿಲ್ಲ. ಆಟೋದಲ್ಲಿ ಕುಳಿತ ಮೇಲೆ ನೆನಪಾಯಿತು, ಹಲ್ಲು ಅಲ್ಲೇ ಉಳಿದಿತ್ತು.

ಓದುಗರೇ, ನೀವು ನನ್ನ ಜಾಗದಲ್ಲಿದ್ದಿದ್ದರೆ ಅವಳಿಗೆ ಏನು ಹೇಳುತ್ತಿದ್ದಿರಿ? ಒಂದು ಮನೆತನದ ಮೇಲೆ ಬಿದ್ದ ಕಲೆಯನ್ನು ಮೊಮ್ಮಗಳು ಅಳಿಸಿಕೊಳ್ಳಹೊರಟಾಗ ಬೇಡವೆನ್ನುವುದಕ್ಕೆ ಎದೆ ಗಟ್ಟಿ ಬೇಕು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೊಂದು ಅಂಜಿಕೆ. ಇಷ್ಟು ಕಾಲ ನಾನು ಮಾದರಿಯನ್ನು ಕಾಣದೆ ವಾದಿಸಿದ್ದೆ. ಈಗ ಅದು ಕಣ್ಣೆದುರು ಬಂದಿದೆ. ನನ್ನ ವಾದವೇ ಸುಳ್ಳಾಗಿ, ಗಾದೆಯೇ ನಿಜವಾದರೆ? ಸಿದ್ಧ ಕಥೆಗಳನ್ನು ಒಪ್ಪದವನಿಗೆ ತನ್ನ ಅವ್ವನ ಕಥೆಯೂ ಒಂದು ಸಿದ್ಧ ಕಥೆಯೇ ಆಗಬೇಕಲ್ಲವೆ? ಊಟಕ್ಕೆ ಕುಳಿತರೆ ಗಂಜಿಯಲ್ಲದೆ ಏನೂ ಇಳಿಯಲಿಲ್ಲ. ಹಲ್ಲಿಲ್ಲದ್ದೊಂದೇ ಕಾರಣವೆಂದು ಸೊಸೆ ತಿಳಿದಳು.

ಅವ್ವನ ಕಥೆಯನ್ನು ನಿಮಗೂ ಹೇಳಬೇಕು. ಮಾಸ್ತರರು ಮಾದರಿ ಕಟ್ಟಿದ್ದು ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರೆಂದು. 'ನಮ್ಮ ಊರು' ಎಂಬ ಪಾಠವನ್ನು ಪುಸ್ತಕದಿಂದ ಓದಿಸಿದರೆ ಮಕ್ಕಳು ಯಾವುದೋ ಊರನ್ನು ನೆನೆಯುತ್ತಾರೆಂಬುದು ಅವರ ಆಕ್ಷೇಪ. ಗೋಡೆಗೆ ಬಾವಿಯ ಕೆಂಪು ಮಣ್ಣು, ಅದರ ಮೇಲೆ ಸುಣ್ಣ. ಕರಿ ಬಣ್ಣಕ್ಕೆ ದೀಪದ ಮಸಿಯನ್ನು ಜಾಲಿಯ ಅಂಟಿನಲ್ಲಿ ಕಲಸಿದ್ದು. ಅದನ್ನು ಕುಂಚದಿಂದ ಹಚ್ಚದೆ, ಒಂದಕ್ಕೊಂದು ಅಡ್ಡ ಕೂಡಿಸಿದ ಎರಡು ತಗಡಿನ ನಳಿಗೆಗಳಿಂದ ಊದುತ್ತಿದ್ದರು. ಒಂದು ನಳಿಗೆ ಮಸಿಯ ಬಟ್ಟಲಿನಲ್ಲಿ ನಿಂತಿರುವುದು, ಇನ್ನೊಂದು ಬಾಯಲ್ಲಿ. ಗಲ್ಲವುಬ್ಬಿಸಿ ಊದಿದರೆ ಮಸಿ ಹನಿಹನಿಯಾಗಿ ಹಾರಿ ಗೋಡೆಗೆ ಹೊಗೆಯಂತೆಯೇ ಅಂಟುತ್ತಿತ್ತು. ಮೀಸೆಗೂ ಅಂಟುತ್ತಿತ್ತು. ಬೀದರಿನ ಯಾವುದೋ ಫೋಟೋ ಸ್ಟುಡಿಯೋದವರು ಚಿತ್ರ ತಿದ್ದಲು ಬಳಸಿ ಬಿಟ್ಟದ್ದಂತೆ ಅದು. ಸುಗುಣಾಳ ಏರ್‌ಬ್ರಷ್‌ನ ಮುತ್ತಜ್ಜ ಅನ್ನಿ.

ಕರಿ ಬಿದ್ದದ್ದು ಕುರಿ ಮೇಕೆ ಸಾಕಿದವರ ಮನೆಗಳ ಮೇಲೆ. ಮಳೆಗಾಲ ಚಳಿಗಾಲಗಳಲ್ಲಿ ನಾವು ಕುರಿಗಳನ್ನು ಮನೆಯ ಮುಂಭಾಗದಲ್ಲೇ ಕೂಡುತ್ತಿದ್ದೆವು. ನೊಣ, ಉಣ್ಣಿಹುಳು ಹತ್ತಬಾರದೆಂದು ಸಂಜೆ ಕುರಿಯ ಒಣ ಹಿಕ್ಕಿಗೆ ಬೇವಿನ ಸೊಪ್ಪು ಸೇರಿಸಿ ಹೊಗೆ ಹಾಕುವುದು ವಾಡಿಕೆ. ಕಿಟಕಿಯಿಲ್ಲದ ಮನೆ; ಹೊಗೆಗೆ ಇದ್ದ ದಾರಿ ಬಾಗಿಲೊಂದೇ. ಪ್ರತಿ ದೀಪಾವಳಿಗೆ ಸುಣ್ಣ ಬಳಿದರೂ ಬಾಗಿಲ ನೆತ್ತಿ ಮತ್ತೆ ಕಪ್ಪಾಗುತ್ತಿತ್ತು. ಮಾಸ್ತರರು ಕಂಡದ್ದನ್ನು ಕಂಡ ಹಾಗೆ ಊದಿದರು. ಟ್ಯಾಂಕಿಗೆ ಸುಗುಣಾ ಊದಿದ್ದೂ ಅದನ್ನೇ.

ಮಾದರಿ ನೋಡಲು ಊರೇ ಹೋಯಿತು. ಅವ್ವನೂ ಹೋದಳು. ತನ್ನ ಮನೆಯನ್ನು ಹುಡುಕಿ, ಬಾಗಿಲ ಮೇಲಿನ ಮಸಿಯನ್ನು ಕಂಡಳು.

"ಏನ್ರಿ ಮಾಸ್ತರ್, ನನ್ನ ಮನೀಗಿ ಯಾಕ ಮಸಿ ಬಳದೀರಿ? ಸಾಹೇಬ್ರ ಮುಂದ ನಾ ಹೊಲಸ ಹೆಂಗಸು ಅಂತ ತೋರಸ್ಲಾಕ?"

"ಮಸಿ ಅಲ್ಲಕ್ಕಾ, ಹೊಗಿ. ಇದ್ದದ್ದು ಇದ್ದಂಗ ತೋರಸಬೇಕಲ್ರಿ. ಮೌಲಾಸಾಬರ ಮನೀಗಿನೂ ಅದ ನೋಡ್ರಿ."

"ಮೌಲಾಸಾಬರ ಹೇಣ್ತಿ ಸುಣ್ಣದ ಮಕ ನೋಡಿಲ್ಲ, ಆಕಿನ ಮಾತ ಬಿಡ್ರಿ. ನಾ ಮೊನ್ನಿ ಬಳದೀನಿ. ನಿಮ್ಮ ಮೀಸಿ ಮ್ಯಾಲಿನ ಮಸಿ ಮೊದಲ ತೊಳಕೋರಿ, ಆಮ್ಯಾಲ ಮಂದಿ ಮನಿ ನೋಡೀರಂತ."

ಎಲ್ಲರೂ ನಕ್ಕರಂತೆ. ಮಾಸ್ತರರೂ ನಕ್ಕು, ಹೆಬ್ಬೆರಳನ್ನು ನೀರಿನಲ್ಲಿ ಅದ್ದಿ, ನಮ್ಮ ಮನೆಯ ಕರಿಯನ್ನು ಒರೆಸಿಬಿಟ್ಟರಂತೆ. "ತಗೋರಿ ಅಕ್ಕಾ, ನಿಮ್ಮ ಮನಿ ದೀಪಾವಳಿ ಆತು."

"ಅಂತೆ" ಎನ್ನುತ್ತೇನೆ. ನಾನು ಆ ದಿನ ಅವ್ವನ ಸೆರಗು ಹಿಡಿದು ಅಲ್ಲಿ ನಿಂತಿದ್ದೆನೋ, ಅಥವಾ ಅವಳು ಹೇಳಿ ಹೇಳಿ ನಾನು ಕಂಡಂತಾಯಿತೋ, ಈಗ ಬೇರೆ ಮಾಡಲಾರೆ. ಅವ್ವ ಇದನ್ನು ಊರಲ್ಲಿ ಹೇಳದೆ ಬಿಡಲಿಲ್ಲ. "ನನ್ನ ಮನೀಗಿ ಕರಿ ಇರಲಿಲ್ಲ, ಆದ್ರೂ ಸುಡ್ತು" ಎಂದು ಅವಳು ಅಂದರೆ, ಮಿಷನ್ ಮಂದಿ ನಿನಗೇನು ಕೊಟ್ಟಿದ್ದಾರೆ ಎಂದು ಕೇಳುತ್ತಿದ್ದರು. ಮಾದರಿ ಭಾಲ್ಕಿಗೆ ಹೋಗಿಯಾಗಿತ್ತು. ತೋರಿಸುವುದಕ್ಕೆ ಏನೂ ಇರಲಿಲ್ಲ.

ಮರುದಿನ ಬೆಳಗ್ಗೆ ಮೈಲೂರಿಗೆ ಹೊರಟೆ. ಆಟೋದವನು ಹಾದಿಯಲ್ಲಿ ಗ್ಯಾಸ್ ತುಂಬಿಸಲು ನಿಂತ. ಅವನ ಮೇಲೆ ರೇಗಿದೆ. ಹಲ್ಲಿಲ್ಲದವನು ರೇಗಿದರೆ ಯಾರಿಗೂ ತಿಳಿಯುವುದಿಲ್ಲ. "ಹೌದ್ರಿ ಮುತ್ಯಾ, ಭಾಳ ಸೆಕಿ ಅದ" ಎಂದ. ಸುಗುಣಾಳ ಬಾಗಿಲಿನ ಬಳಿ ಬಂದಾಗ ಕಂಪ್ರೆಸರಿನ ಸದ್ದು ಹೊರಗೇ ಕೇಳಿತು. ಬಾಗಿಲು ತಟ್ಟದೆ ಒಳಗೆ ನುಗ್ಗಿದೆ.

ಅವಳು ಊದುತ್ತಿದ್ದದ್ದು ಬಿಳಿಯನ್ನೇ. ಆದರೆ ಇನ್ನೂ ಕಾಗದದ ಮೇಲೆ.

ನಾನು ಕೂರದೆಯೇ ಎಲ್ಲವನ್ನೂ ಹೇಳಿದೆ. ಹಿಕ್ಕಿ, ಬೇವು, ಅವ್ವನ ಜಗಳ, ಹೆಬ್ಬೆರಳು. ಅವಳು ನನ್ನ ಹಲ್ಲನ್ನು ತೊಳೆದು ಕೈಗೆ ಕೊಟ್ಟು, "ಹಾಕ್ಕೊಂಡು ಇನ್ನೊಮ್ಮಿ ಹೇಳ್ರಿ. ಅರ್ಧಾ ತಿಳೀಲಿಲ್ಲ," ಎಂದಳು. ಇನ್ನೊಮ್ಮೆ ಹೇಳಿದೆ. ನನ್ನ ಕಿವಿಗೇ ಎರಡನೆಯ ಸಲ ಅದು ಕಥೆಯಂತೆ ಕೇಳಿಸಿತು.

"ನಿಮ್ಮ ಮನಿ ಯಾವುದ್ರಿ ಇದರಾಗ?"

ಬಾವಿಯ ಎಡಗಡೆಯ ಮನೆಯನ್ನು ತೋರಿಸಿದೆ. ಅದು ಬೆಳ್ಳಗಿತ್ತು. ನನ್ನ ಎದೆ ಹಗುರಾಯಿತು. ಆದರೆ ಅವಳು ತಲೆಯಾಡಿಸಿದಳು.

"ಬಿಳಿ ಇದ್ದದ್ದು ಏನೂ ಹೇಳಂಗಿಲ್ಲರಿ ಕಾಕಾ. ನಮ್ಮ ಆಯಿ, ಮಾಸ್ತರ ಹೇಣ್ತಿ, ಭಾಲ್ಕಿಯೊಳಗ ಒಂದೆರಡು ಮನೀಗಿ ಸುಣ್ಣಾ ಹಚ್ಚಿದ್ದಳಂತ. ಆಕಿನೇ ಇದನ್ನೂ ಮುಚ್ಚಿರಬೇಕು. ಮಂದಿ ಹಂಗೇ ಅಂತಾರ."

ಅದು ಸರಿಯಾದ ಆಕ್ಷೇಪ. ಸಭೆಗಳಲ್ಲಿ ನಾನು ಇತರರಿಗೆ ಹಾಕುವಂಥದ್ದೇ. ನಾನು ಕುರ್ಚಿಯಲ್ಲಿ ಕುಳಿತೆ.

ಅವಳು ಹಲ್ಲಿನ ಬಿರುಕು ನೋಡುವ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ದೀಪವನ್ನು ಬದಿಗೆ ಬಾಗಿಸಿ, ನಮ್ಮ ಮನೆಯ ಮೇಲೆ ಬಗ್ಗಿದಳು. ಹತ್ತಿಗೆ ನೀರು ಮುಟ್ಟಿಸಿ ಬಾಗಿಲ ನೆತ್ತಿಯನ್ನು ಒಂದಿಷ್ಟು ಒದ್ದೆ ಮಾಡಿದಳು. ಮತ್ತೆ ಬಗ್ಗಿದಳು. ಆಮೇಲೆ ಮಸೂರವನ್ನು ತೆಗೆದು ನನಗೆ ಕೊಟ್ಟಳು.

ಮಸೂರದಲ್ಲಿ ಮೊದಲು ನನ್ನ ರೆಪ್ಪೆಗಳೇ ಕಂಡವು. ಆಮೇಲೆ ಕಂಡಿತು. ಬೆಳ್ಳಗಿನ ಗೋಡೆಯಲ್ಲಿ ಬೂದಿಯಂಥ ತೆಳು ನೆರಳು. ಆ ನೆರಳಿನೊಳಗೆ ಬಾಗಿ ಬಾಗಿ ಸುತ್ತಿದ ಗೆರೆಗಳು. ಮೇಲೆ ಯಾವ ಸುಣ್ಣವೂ ಇರಲಿಲ್ಲ. ಅಂಟು ಬೆರೆತ ಮಸಿಯನ್ನು ಯಾರೋ ಒದ್ದೆ ಹೆಬ್ಬೆರಳಿನಿಂದ ಒರೆಸಿದ್ದರು. ಒಣಗುವಾಗ ಹೆಬ್ಬೆರಳು ಅಲ್ಲೇ ಉಳಿದಿತ್ತು.

ಸುಗುಣಾ ತನ್ನ ಹೆಬ್ಬೆರಳನ್ನು ಆ ಗುರುತಿನ ಮೇಲೆ, ಮುಟ್ಟದ ಹಾಗೆ, ಹಿಡಿದು ನೋಡಿದಳು. "ನಮ್ಮ ಮುತ್ಯಾಂದು," ಎಂದಳು. ಹುಣಸೆ ಮರದ ಬುಡದಲ್ಲಿದ್ದ ಮೌಲಾಸಾಬರ ಮನೆಯನ್ನು ನಾನೇ ತೋರಿಸಿದೆ. ಅದರ ಬಾಗಿಲ ಮೇಲೆ ಕರಿ ಇತ್ತು, ಎಲ್ಲ ಮನೆಗಳಿಗಿಂತ ದಟ್ಟವಾಗಿ. ರಜಾಕಾರರು ಆ ಮನೆಯನ್ನು ಸುಡಲಿಲ್ಲ. ಕರಿಯಿಲ್ಲದ ಮನೆ ಸುಟ್ಟಿತು, ಕರಿಯಿದ್ದ ಮನೆ ಉಳಿಯಿತು. ಗಾದೆಯ ಎರಡು ಕಾಲೂ ಒಟ್ಟಿಗೆ ಮುರಿದವು.

ಮೌಲಾಸಾಬರ ಬಗ್ಗೆ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ನಾನೂ ಸಿದ್ಧ ಕಥೆಗಾರನಾದೇನು. ಸೈನ್ಯ ಬಂದ ಮೇಲೆ, ಮುಸಲ್ಮಾನರ ಮೇಲೆ ಜನ ಸೇಡು ತೀರಿಸಿಕೊಂಡ ದಿನಗಳಲ್ಲಿ, ಅವರ ಹೆಂಡತಿ ಮಕ್ಕಳು ಬಂಡಿಯಲ್ಲಿ ಬೀದರಿನ ಕಡೆಗೆ ಹೋದರು. ಮೌಲಾಸಾಬರು ಬಂಡಿಯಲ್ಲಿ ಇರಲಿಲ್ಲ. ಅವರು ಎಲ್ಲಿದ್ದರೆಂಬುದಕ್ಕೆ ನಮ್ಮೂರಿನಲ್ಲಿ ಗಾದೆಯಿಲ್ಲ.

ಸುಗುಣಾ ಕಂಪ್ರೆಸರ್ ಆರಿಸಿದಳು. ಏರ್‌ಬ್ರಷ್‌ನ ಸೂಜಿಯನ್ನು ಎಳೆದು, ಬಿಳಿಯನ್ನು ಥಿನ್ನರಿನಲ್ಲಿ ತೊಳೆದಳು. ಮುರಿದ ಗೋಡೆಗಳನ್ನಷ್ಟೇ ಮೆತ್ತಿದಳು. ಆಯಿ ಮುಚ್ಚಿದ್ದ ಒಂದೆರಡು ಬಾಗಿಲುಗಳ ಸುಣ್ಣವನ್ನು ಒದ್ದೆ ಹತ್ತಿಯಿಂದ ಬಿಡಿಸಿ, ಕೆಳಗಿನ ಹೊಗೆಯನ್ನು ಹೊರಗೆ ತಂದಳು. ಕೆಲಸ ಮಾಡುತ್ತಲೇ ಒಮ್ಮೆ ಕೇಳಿದಳು: "ಹೊಗಿ ಅಂತ ಗೊತ್ತಿದ್ದ ಮಂದಿಗಿ ಅದು ಗುರುತು ಅಂತ ಹ್ಯಾಂಗ ಅನಸ್ತರಿ, ಕಾಕಾ? ಅವರ ಮನಿ ಬಾಗಿಲ ಅವರೇ ನೋಡಿರಲಿಲ್ಲೇನು?"

ನಾನು ಹತ್ತಿಯ ಇನ್ನೊಂದು ಉಂಡೆಯನ್ನು ನೀರಿಗೆ ಅದ್ದಿ ಅವಳ ಕೈಗೆ ಕೊಟ್ಟೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ.

ಹಲಗೆಯನ್ನು ಊರಿಗೆ ಒಯ್ದ ದಿನ ಅವಳೊಡನೆ ನಾನೂ ಹೋದೆ. ಮಾಸ್ತರರ ಮನೆಯವರು ಆ ಊರಿಗೆ ಕಾಲಿಟ್ಟದ್ದು ಅವರು ಬಿಟ್ಟುಹೋದ ಮೇಲೆ ಅದೇ ಮೊದಲು. ದಾರಿಯುದ್ದಕ್ಕೂ ಅವಳು ಹಲಗೆಯನ್ನು ತೊಡೆಯ ಮೇಲೆ ಹಿಡಿದು ಕುಳಿತಿದ್ದಳು. ಶಾಲೆಯಲ್ಲಿ ಮಕ್ಕಳಿಗಿಂತ ಮುದುಕರೇ ಹೆಚ್ಚಾಗಿ ಸೇರಿದ್ದರು. ನಾನು ಮಸೂರ ಕೊಟ್ಟು ಒಬ್ಬೊಬ್ಬರಿಗೂ ತೋರಿಸಿದೆ. ನನ್ನ ಓರಗೆಯ ಬಸಪ್ಪ, ಗಾದೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವನು, ಬಹಳ ಹೊತ್ತು ನೋಡಿದ.

"ಹೆಬ್ಬಟ್ಟ ಖರೆ ಅದ," ಎಂದ. ಮಸೂರವನ್ನು ಮೇಜಿನ ಮೇಲಿಟ್ಟ. ಆಮೇಲೆ, ಯಾರ ಮುಖವನ್ನೂ ನೋಡದೆ: "ಹಾಂಗಾದರ ಅವರಿಗಿ ಮನಿ ಯಾರ್ ತೋರ್ಸಿರಬೇಕೋ?"

ನಮ್ಮ ಮನೆ ಊರಿನ ನಟ್ಟನಡುವೆ ಇತ್ತು. ಆ ಓಣಿಯಲ್ಲಿ ಅಕ್ಕಪಕ್ಕದ ಮನೆಗಳನ್ನು ಬಿಟ್ಟು ಅದೊಂದಕ್ಕೇ ಬೆಂಕಿ ಬಿತ್ತು. ಗಡಿಯಾಚೆ ಶಿಬಿರ ಹೂಡಿ ನಿಜಾಮರ ವಿರುದ್ಧ ಹೋರಾಡುತ್ತಿದ್ದವರಿಗೆ ನನ್ನ ಅಪ್ಪ ಜೋಳ ಕೊಟ್ಟಿದ್ದನೆಂಬುದು ಊರೊಳಗಿನವರಿಗಲ್ಲದೆ ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಮಾಸ್ತರರು ಇದ್ದಷ್ಟು ಕಾಲ, ಎಂದರೆ ಅವರ ಮೇಲಿನ ಗಾದೆ ಇದ್ದಷ್ಟು ಕಾಲ, ಈ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿರಲಿಲ್ಲ. ಹೆಡ್‌ಬಾಯಿ ಚಹಾ ತರಿಸಿದರು. ಎಲ್ಲರೂ ಚಹಾ ಕುಡಿದೆವು. ಬಸಪ್ಪ ಸುಗುಣಾಳ ಕಪ್ಪನ್ನು ತಾನೇ ಎತ್ತಿ ಕೊಟ್ಟ. "ಮನೀಗಿ ಬಂದು ಹೋಗವ್ವಾ," ಎಂದ.

ಈಗ ಥಿನ್ನರಿನ ವಾಸನೆ ಎಲ್ಲಿ ಬಂದರೂ, ಬಾಗಿಲಿಗೆ ಹೊಸ ಬಣ್ಣ ಹೊಡೆಯುವವರ ಮನೆಯೆದುರು ಸಹ, ನನ್ನ ಎದೆ ಹೊಡೆದುಕೊಳ್ಳುತ್ತದೆ. ವಾದ ಗೆದ್ದ ಮುದುಕನಿಗೆ ನೆಮ್ಮದಿಯಿರಬೇಕಿತ್ತು. ಊರಿಗೆ ಹೋದಾಗ ನಳದ ಬಳಿ ನಿಂತವರ ಮುಖಗಳನ್ನು ನಾನು ಮೊದಲಿಗಿಂತ ಹೆಚ್ಚು ಹೊತ್ತು ನೋಡುತ್ತೇನೆ. ಅವರೂ ನನ್ನನ್ನು ನೋಡುತ್ತಾರೆ.

ನನ್ನ ಮಾತನ್ನು ನಂಬಬೇಕಾಗಿಲ್ಲ. ಮಾದರಿ ಶಾಲೆಯ ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ಮಸೂರವನ್ನು ಸುಗುಣಾ ದಾರ ಕಟ್ಟಿ ಅಲ್ಲೇ ತೂಗುಬಿಟ್ಟಿದ್ದಾಳೆ. ಹುಣಸೆ ಮರದ ಬುಡದ ಮನೆಯನ್ನು ಮೊದಲು ನೋಡಿ. ಬೇಕಿದ್ದರೆ ಹೊರಗೆ ಬಂದು ನಿಜವಾದ ಮನೆಯನ್ನೂ ನೋಡಿ. ಅಲ್ಲಿ ಈಗ ಬೇರೆಯವರಿದ್ದಾರೆ, ಬಾಗಿಲ ತೊಲೆ ಇನ್ನೂ ಕಪ್ಪಗಿದೆ. ಆಮೇಲೆ ಒಳಗೆ ಹೋಗಿ, ಬಾವಿಯ ಎಡಕ್ಕಿರುವ ಬಿಳಿ ಮನೆಯ ಮೇಲೆ ಮಸೂರ ಹಿಡಿಯಿರಿ. ಬೆಳಕು ಬದಿಯಿಂದ ಬೀಳಬೇಕು. ಬೆಳಗಿನ ಹೊತ್ತು ಒಳ್ಳೆಯದು. ಬಾಗಿಲ ಮೇಲೆ ಪ್ರಭುದಾಸ ಮಾಸ್ತರರ ಹೆಬ್ಬೆರಳಿದೆ.